ಸ್ಟಿಯರಿಂಗ್ ಬಿಟ್ಟ ಮೇಲೆ ಹೊಣೆ ಯಾರದು? ಚಾಲಕರಹಿತ ಕಾರು ರಸ್ತೆಗೆ ಸಿದ್ಧವೇ ಎಂಬ ಗೊಂದಲದ ಒಳಗೆ

2025ರ ಡಿಸೆಂಬರ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ನಾಲ್ಕು ಸುದ್ದಿಗಳು ಬಂದವು. ಅಮೆರಿಕದ ವೇಮೊ ಕಂಪನಿ ತನ್ನ ಚಾಲಕರಹಿತ ಟ್ಯಾಕ್ಸಿಗಳ ಸಾಫ್ಟ್‌ವೇರನ್ನು ದೋಷ ತಿದ್ದಲು ರೀಕಾಲ್ ಮಾಡಿತು. ಮಕ್ಕಳಿಗಾಗಿ ಕೆಂಪು ದೀಪ ಮಿನುಗಿಸಿ ನಿಂತಿದ್ದ ಶಾಲಾ ಬಸ್ಸುಗಳನ್ನು ಅವು ದಾಟಿ ಹೋಗಿದ್ದವು. ಚೀನಾ ಸರ್ಕಾರ ಎರಡು ಕಾರು ಮಾದರಿಗಳಿಗೆ ‘ಮೂರನೇ ಹಂತದ’ ಸ್ವಯಂಚಾಲನೆಗೆ ಅನುಮತಿ ಕೊಟ್ಟಿತು. ಟೆಸ್ಲಾ ಬಳಸಿದ ‘ಆಟೊಪೈಲಟ್’ ಮತ್ತು ‘ಫುಲ್ ಸೆಲ್ಫ್ ಡ್ರೈವಿಂಗ್’ ಎಂಬ ಹೆಸರುಗಳು ಗ್ರಾಹಕರ ದಾರಿ ತಪ್ಪಿಸುತ್ತವೆ ಎಂದು ಕ್ಯಾಲಿಫೋರ್ನಿಯಾದ ಆಡಳಿತ ನ್ಯಾಯಾಧೀಶರು ತೀರ್ಪಿತ್ತರು. ಡಿಸೆಂಬರ್ 20ರಂದು ಸ್ಯಾನ್ ಫ್ರಾನ್ಸಿಸ್ಕೊದ ದೊಡ್ಡ ಭಾಗದಲ್ಲಿ ಕರೆಂಟು ಹೋಗಿ ಸಿಗ್ನಲ್ಲುಗಳು ಆರಿದಾಗ ವೇಮೊ ಕಾರುಗಳು ಅಲ್ಲಲ್ಲೇ ರಸ್ತೆ ಮಧ್ಯದಲ್ಲಿ ನಿಂತುಬಿಟ್ಟವು.

ಒಂದೆಡೆ ಅನುಮತಿ, ಇನ್ನೊಂದೆಡೆ ರೀಕಾಲ್. ಒಂದೆಡೆ ಸಾವಿರಾರು ಜನ ದಿನವೂ ಚಾಲಕನಿಲ್ಲದ ಟ್ಯಾಕ್ಸಿ ಹತ್ತುತ್ತಿದ್ದಾರೆ, ಇನ್ನೊಂದೆಡೆ ತನಿಖೆಗಳು ಮುಗಿಯುತ್ತಿಲ್ಲ. ಹಾಗಾದರೆ ಈ ಸಾಫ್ಟ್‌ವೇರ್ ಸಾರ್ವಜನಿಕ ರಸ್ತೆಗೆ ಸಿದ್ಧವಾಗಿದೆಯೋ ಇಲ್ಲವೋ?

ಪ್ರಶ್ನೆ ಹೀಗಿದ್ದರೆ ಉತ್ತರ ಸಿಗುವುದಿಲ್ಲ. ‘ಸಿದ್ಧ’ ಎಂಬುದು ಕೋಡಿನ ಒಳಗೆ ಅಡಗಿ ಕೂತ ಗುಣವಲ್ಲ. ಯಾವ ರಸ್ತೆಗೆ, ಯಾವ ಹವೆಗೆ, ಯಾವ ವೇಗಕ್ಕೆ ಸಿದ್ಧ ಎಂಬುದು ಮೊದಲು ಬರಬೇಕು. ಅದಕ್ಕಿಂತ ಮುಖ್ಯವಾಗಿ, ಸಾಫ್ಟ್‌ವೇರ್ ತಪ್ಪಿದ ಆ ಕ್ಷಣದಲ್ಲಿ ಕಾರನ್ನು ಉಳಿಸಬೇಕಾದವರು ಯಾರು, ಉಳಿಸದಿದ್ದರೆ ಹೊಣೆ ಹೊರಬೇಕಾದವರು ಯಾರು ಎಂಬುದು ತಿಳಿಯಬೇಕು.

ಒಂದೇ ಮಾತು, ಎರಡು ಬೇರೆ ಸರಕು

ವಾಹನೋದ್ಯಮ ಬಳಸುವ ಎಸ್‌ಎಇ ಸಂಸ್ಥೆಯ ಮಾನದಂಡದಲ್ಲಿ ಸೊನ್ನೆಯಿಂದ ಐದರವರೆಗೆ ಆರು ಹಂತಗಳಿವೆ. ಓದುಗರಿಗೆ ಆರನ್ನೂ ನೆನಪಿಡುವ ಅಗತ್ಯವಿಲ್ಲ. ಎರಡನೇ ಹಂತಕ್ಕೂ ಮೂರನೇ ಹಂತಕ್ಕೂ ನಡುವಿನ ಗೆರೆಯೊಂದೇ ಮುಖ್ಯ.

ಎರಡನೇ ಹಂತದಲ್ಲಿ ಕಾರು ಸ್ಟಿಯರಿಂಗ್ ತಿರುಗಿಸಬಹುದು, ಬ್ರೇಕ್ ಹಾಕಬಹುದು, ಲೇನ್ ಬದಲಿಸಬಹುದು. ಆದರೆ ಓಡಿಸುತ್ತಿರುವವರು ಕಾನೂನಿನ ದೃಷ್ಟಿಯಲ್ಲಿ ಸೀಟಿನಲ್ಲಿ ಕೂತವರೇ. ರಸ್ತೆಯಿಂದ ಅವರು ಕಣ್ಣು ತೆಗೆಯುವಂತಿಲ್ಲ. ಟೆಸ್ಲಾದ ಫುಲ್ ಸೆಲ್ಫ್ ಡ್ರೈವಿಂಗ್ ಇದೇ ಹಂತದ್ದು. 2024ರಲ್ಲಿ ಕಂಪನಿ ಹೆಸರಿನ ಮುಂದೆ ‘ಸೂಪರ್‌ವೈಸ್ಡ್’ ಎಂಬ ಪದ ಸೇರಿಸಿತು. ಮೂರನೇ ಹಂತದಲ್ಲಿ, ನಿಗದಿಯಾದ ಪರಿಸ್ಥಿತಿಯೊಳಗೆ, ಓಡಿಸುವ ಕೆಲಸ ಯಂತ್ರದ್ದೇ. ಚಾಲಕ ಫೋನ್ ನೋಡಬಹುದು, ಆದರೆ ಕರೆದಾಗ ಸ್ಟಿಯರಿಂಗ್ ಹಿಡಿಯಬೇಕು. ನಾಲ್ಕನೇ ಹಂತದಲ್ಲಿ, ಗೊತ್ತುಪಡಿಸಿದ ಪ್ರದೇಶದೊಳಗೆ, ಕರೆಯುವ ಪ್ರಮೇಯವೂ ಇಲ್ಲ; ಸುರಕ್ಷಿತವಾಗಿ ನಿಲ್ಲುವುದೂ ಯಂತ್ರದ ಜವಾಬ್ದಾರಿ. ವೇಮೊ ಈ ಗುಂಪಿಗೆ ಸೇರಿದ್ದು.

ನೋಡುವವರಿಗೆ ಎರಡನೇ ಹಂತವೂ ನಾಲ್ಕನೇ ಹಂತವೂ ಒಂದೇ. ಎರಡರಲ್ಲೂ ಸ್ಟಿಯರಿಂಗ್ ತಾನೇ ತಿರುಗುತ್ತದೆ. ಯೂಟ್ಯೂಬ್ ವಿಡಿಯೊದಲ್ಲಿ ಒಂದು ಗಂಟೆ ಕೈ ಮುಟ್ಟದೆ ಹೋದ ಎರಡನೇ ಹಂತದ ಕಾರು ವೇಮೊಗಿಂತ ಚುರುಕಾಗಿಯೂ ಕಾಣಬಹುದು. ಆದರೆ ಸಾವಿರ ಬಾರಿ ಸರಿಯಾಗಿ ಹೋಗಿ ಒಮ್ಮೆ ತಪ್ಪುವ ಸಾಫ್ಟ್‌ವೇರ್ ಎರಡನೇ ಹಂತಕ್ಕೆ ಒಳ್ಳೆಯ ಸರಕು, ನಾಲ್ಕನೇ ಹಂತಕ್ಕೆ ಮಾರಕ. ಕ್ಯಾಲಿಫೋರ್ನಿಯಾದ ತೀರ್ಪು ಹೆಸರಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡದ್ದು ಇದಕ್ಕೇ.

5.6 ಸೆಕೆಂಡು

ಸಾಫ್ಟ್‌ವೇರ್ ಹೇಗೆ ತಪ್ಪುತ್ತದೆ ಎಂಬುದಕ್ಕೆ ಇವತ್ತಿಗೂ ಅತ್ಯಂತ ಸ್ಪಷ್ಟ ದಾಖಲೆ 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ನಡೆದ ಅಪಘಾತದ್ದು. ಊಬರ್‌ನ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿದು ಅವರು ಮೃತಪಟ್ಟರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಅದನ್ನು ಸೆಕೆಂಡು ಸೆಕೆಂಡು ಬಿಡಿಸಿ ನೋಡಿತು.

ಡಿಕ್ಕಿಗೆ 5.6 ಸೆಕೆಂಡು ಮೊದಲೇ ರಾಡಾರ್ ಅವರನ್ನು ಕಂಡಿತ್ತು. ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿದ್ದ ಕಾರಿಗೆ ಇನ್ನೂ ನೂರು ಮೀಟರಿಗಿಂತ ಹೆಚ್ಚು ದೂರವಿತ್ತು. ಆ ವೇಗದಲ್ಲಿ ಬ್ರೇಕ್ ಜೋರಾಗಿ ಒತ್ತಿದರೆ ಒಣ ರಸ್ತೆಯಲ್ಲಿ ನಿಲ್ಲಲು 30 ಮೀಟರ್ ಸಾಕು. ಅಂದರೆ ಕಣ್ಣು ಸೋಲಲಿಲ್ಲ. ಸೋತದ್ದು ಆಮೇಲಿನ ಹೆಜ್ಜೆ. ಕಂಡದ್ದನ್ನು ಸಾಫ್ಟ್‌ವೇರ್ ಮೊದಲು ‘ವಾಹನ’ ಎಂದಿತು, ಆಮೇಲೆ ‘ಇತರೆ ವಸ್ತು’, ಮತ್ತೆ ವಾಹನ, ಕೊನೆಗೆ ‘ಸೈಕಲ್’. ಪ್ರತಿ ಸಲ ಹೆಸರು ಬದಲಾದಾಗಲೂ ಆ ವಸ್ತು ಅದುವರೆಗೆ ಸಾಗಿಬಂದ ದಾರಿಯ ಲೆಕ್ಕವನ್ನು ಅದು ಕೈಬಿಟ್ಟು ಹೊಸದಾಗಿ ಶುರುಮಾಡುತ್ತಿತ್ತು. ದಾರಿಯ ಲೆಕ್ಕವಿಲ್ಲದಿದ್ದರೆ ಮುಂದೆ ಎಲ್ಲಿ ಬರುತ್ತದೆಂದು ಊಹಿಸಲಾಗದು. ಪಾದಚಾರಿ ದಾಟುವ ಪಟ್ಟೆಗಳಿಲ್ಲದ ಕಡೆಯೂ ಜನ ರಸ್ತೆ ದಾಟುತ್ತಾರೆ ಎಂಬ ಸಾಧ್ಯತೆಯೇ ಅದರ ವಿನ್ಯಾಸದಲ್ಲಿ ಇರಲಿಲ್ಲ.

ಡಿಕ್ಕಿ ಖಚಿತ ಎಂದು ಸಾಫ್ಟ್‌ವೇರಿಗೆ ಗೊತ್ತಾದದ್ದು ಕೊನೆಯ 1.2 ಸೆಕೆಂಡಿನಲ್ಲಿ. ಆಗಲೂ ಅದು ಒಂದು ಸೆಕೆಂಡು ಸುಮ್ಮನಿತ್ತು. ಹಾಗೆ ಸುಮ್ಮನಿರಬೇಕೆಂದು ಎಂಜಿನಿಯರುಗಳೇ ಬರೆದಿದ್ದರು. ಕಾರಣ ಸರಳ: ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲಕ್ಕೆ, ಸೇತುವೆಯ ನೆರಳಿಗೆ ಕಾರು ಪದೇ ಪದೇ ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನ ವಾಹನ ಬಂದು ಗುದ್ದುತ್ತದೆ, ಒಳಗಿನವರು ಬೇಸತ್ತುಹೋಗುತ್ತಾರೆ. ಸುಳ್ಳು ಎಚ್ಚರಿಕೆ ತಗ್ಗಿಸಲು ಹೋದರೆ ನಿಜವಾದ ಅಪಾಯವೊಂದು ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿಯಲು ಹೋದರೆ ಸುಳ್ಳು ಎಚ್ಚರಿಕೆ ಹೆಚ್ಚುತ್ತದೆ. ಈ ಎಳೆದಾಟ ಇಂದಿಗೂ ಮುಗಿದಿಲ್ಲ. 2022ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ, ಟೆಸ್ಲಾ ಕಾರುಗಳು ಕಾರಣವಿಲ್ಲದೆ ಬ್ರೇಕ್ ಹಾಕುತ್ತವೆ ಎಂಬ 354 ದೂರುಗಳ ಮೇಲೆ ತನಿಖೆ ಆರಂಭಿಸಿದ್ದು ಇದೇ ತಕ್ಕಡಿಯ ಇನ್ನೊಂದು ತಟ್ಟೆ.

ಟೆಂಪಿಯ ಕಾರಿನಲ್ಲಿ ವೋಲ್ವೊದವರೇ ಕೂರಿಸಿದ್ದ ತುರ್ತು ಬ್ರೇಕ್ ವ್ಯವಸ್ಥೆಯೂ ಇತ್ತು. ಊಬರ್‌ನ ವ್ಯವಸ್ಥೆ ಓಡಿಸುವಾಗ ಎರಡೂ ಒಂದಕ್ಕೊಂದು ಅಡ್ಡಬರದಿರಲೆಂದು ಅದನ್ನು ಕೆಲಸ ಮಾಡದಂತೆ ಮಾಡಲಾಗಿತ್ತು. ಉಳಿದಿದ್ದ ಒಂದೇ ರಕ್ಷಣೆ ಸ್ಟಿಯರಿಂಗ್ ಹಿಂದೆ ಕೂತಿದ್ದ ಪರೀಕ್ಷಾ ಚಾಲಕಿ. ಅವರು ಫೋನಿನಲ್ಲಿ ವಿಡಿಯೊ ನೋಡುತ್ತಿದ್ದರು.

ಕಾವಲು ಕಾಯುವುದು ಓಡಿಸುವುದಕ್ಕಿಂತ ಕಷ್ಟ

ಆ ಚಾಲಕಿಯದು ತಪ್ಪೇ. ಆದರೆ ಆ ತಪ್ಪು ಮೊದಲೇ ಊಹಿಸಬಹುದಾಗಿದ್ದ ತಪ್ಪು. ಹತ್ತು ನಿಮಿಷಕ್ಕೊಮ್ಮೆ ಎಡವುವ ಯಂತ್ರವನ್ನು ಯಾರೂ ನಂಬುವುದಿಲ್ಲ, ಹಾಗಾಗಿ ಎಲ್ಲರೂ ಎಚ್ಚರವಾಗಿರುತ್ತಾರೆ. ಮೂರು ತಿಂಗಳಿಗೊಮ್ಮೆ ಎಡವುವ ಯಂತ್ರದ ಮುಂದೆ ಮನುಷ್ಯ ಮೈಮರೆಯುತ್ತಾನೆ. ಸಾಫ್ಟ್‌ವೇರ್ ಸುಧಾರಿಸಿದಷ್ಟೂ ಕಾವಲುಗಾರ ಸಡಿಲಾಗುತ್ತಾನೆ. ಆದ್ದರಿಂದ ತೀರಾ ಕೆಟ್ಟ ಸಾಫ್ಟ್‌ವೇರಿಗಿಂತ, ಬಹುಪಾಲು ಸರಿಯಿರುವ ಆದರೆ ಪೂರ್ತಿ ಸರಿಯಿಲ್ಲದ ಸಾಫ್ಟ್‌ವೇರೇ ಹೆಚ್ಚು ಅಪಾಯಕಾರಿ. ಮಾರುಕಟ್ಟೆಯಲ್ಲಿ ಈಗ ಸಾಮಾನ್ಯರ ಕೈಗೆ ಸಿಗುತ್ತಿರುವುದು ಇದೇ ನಡುವಿನ ಸರಕು.

ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ. 2025ರ ಮಾರ್ಚ್ 29ರಂದು ಚೀನಾದ ಆನ್‌ಹುಯಿ ಪ್ರಾಂತ್ಯದ ಹೆದ್ದಾರಿಯಲ್ಲಿ ಶವೋಮಿ ಎಸ್‌ಯು7 ಕಾರು ನೆರವಿನ ಚಾಲನೆಯಲ್ಲಿ 116 ಕಿ.ಮೀ. ವೇಗದಲ್ಲಿತ್ತು. ಕಾಮಗಾರಿಗಾಗಿ ಲೇನ್ ಮುಚ್ಚಿದ್ದ ಜಾಗ ಬಂತು. ವ್ಯವಸ್ಥೆ ಎಚ್ಚರಿಸಿತು, ಚಾಲಕರು ಸ್ಟಿಯರಿಂಗ್ ಹಿಡಿದರು, ಕಾರು ಸುಮಾರು 97 ಕಿ.ಮೀ. ವೇಗದಲ್ಲಿ ಕಾಂಕ್ರೀಟ್ ತಡೆಗೋಡೆಗೆ ಬಡಿಯಿತು. ಮೂವರು ವಿದ್ಯಾರ್ಥಿನಿಯರು ಸತ್ತರು. ಎಚ್ಚರಿಕೆಗೂ ಡಿಕ್ಕಿಗೂ ನಡುವೆ ಇದ್ದದ್ದು ಬೆರಳೆಣಿಕೆಯ ಸೆಕೆಂಡುಗಳು. ಏನು ನಡೆಯುತ್ತಿದೆ ಎಂದು ಗ್ರಹಿಸಿ, ಕನ್ನಡಿ ನೋಡಿ, ಪಕ್ಕದ ಲೇನ್ ಖಾಲಿಯೇ ಎಂದು ತಿಳಿದು ತಿರುಗಿಸಲು ಅಷ್ಟು ಹೊತ್ತು ಸಾಲದು. ಮೂರನೇ ಹಂತಕ್ಕೆ ಸಂಬಂಧಿಸಿದ ವಿಶ್ವಸಂಸ್ಥೆಯ ನಿಯಮ 157, ಚಾಲಕರನ್ನು ಕರೆದ ಮೇಲೆ ಸಾಮಾನ್ಯವಾಗಿ ಕನಿಷ್ಠ 10 ಸೆಕೆಂಡು ಕಾಯಬೇಕೆನ್ನುತ್ತದೆ. ಅಷ್ಟಾದರೂ ಚಾಲಕರು ಸ್ಪಂದಿಸದಿದ್ದರೆ ಕಾರೇ ತನ್ನನ್ನು ನಿಲ್ಲಿಸಿಕೊಳ್ಳಬೇಕು. ಎರಡನೇ ಹಂತದ ಕಾರಿಗೆ ಅಂಥ ಕಟ್ಟುಪಾಡಿಲ್ಲ. ಅಲ್ಲಿ ಚಾಲಕರು ಸದಾ ನೋಡುತ್ತಲೇ ಇದ್ದಾರೆ ಎಂದು ಊಹಿಸಲಾಗಿದೆ.

ನ್ಯಾಯಾಲಯಗಳು ಈ ಊಹೆಯನ್ನು ಪ್ರಶ್ನಿಸತೊಡಗಿವೆ. ಫ್ಲಾರಿಡಾದಲ್ಲಿ 2019ರಲ್ಲಿ ಆಟೊಪೈಲಟ್ ಚಾಲೂ ಇದ್ದ ಟೆಸ್ಲಾ ಕಾರಿನಿಂದಾದ ಸಾವಿನ ಪ್ರಕರಣದಲ್ಲಿ, 2025ರ ಆಗಸ್ಟ್‌ನಲ್ಲಿ ಮಯಾಮಿಯ ಜ್ಯೂರಿ ಕಂಪನಿಯ ಪಾಲಿಗೆ ಶೇ 33ರಷ್ಟು ಹೊಣೆ ಹೊರಿಸಿತು. ದಂಡನಾತ್ಮಕ ಪರಿಹಾರವೂ ಸೇರಿ ಮೊತ್ತ ಸುಮಾರು 24.3 ಕೋಟಿ ಡಾಲರ್. ಕೆಳಗೆ ಬಿದ್ದ ಫೋನ್ ಎತ್ತಿಕೊಳ್ಳಲು ಬಗ್ಗಿದ ಚಾಲಕರದು ದೊಡ್ಡ ಪಾಲು ಎಂಬುದನ್ನು ಜ್ಯೂರಿ ಅಲ್ಲಗಳೆಯಲಿಲ್ಲ. ಚಾಲಕರ ತಪ್ಪೊಂದನ್ನೇ ತೋರಿಸಿ ತಯಾರಕರು ಕೈ ತೊಳೆದುಕೊಳ್ಳುವಂತಿಲ್ಲ ಎಂದಷ್ಟೇ ಹೇಳಿತು.

ಕ್ಯಾಮೆರಾ ಸಾಕೇ?

ಉದ್ಯಮದೊಳಗಿನ ಅತಿ ಗದ್ದಲದ ಜಗಳ ಇದು. ವೇಮೊದ ಆರನೇ ತಲೆಮಾರಿನ ವ್ಯವಸ್ಥೆಯಲ್ಲಿ 13 ಕ್ಯಾಮೆರಾ, 4 ಲೈಡಾರ್, 6 ರಾಡಾರ್‌ಗಳಿವೆ. ಲೈಡಾರ್ ಲೇಸರ್ ಕಿರಣ ಬಿಟ್ಟು ಅದು ಮರಳುವ ಹೊತ್ತಿನಿಂದ ದೂರ ಅಳೆಯುತ್ತದೆ. ಕತ್ತಲೆ, ಎದುರು ಬಿಸಿಲು ಅದಕ್ಕೆ ದೊಡ್ಡ ಅಡ್ಡಿಯಲ್ಲ. ಟೆಸ್ಲಾ 2021ರಲ್ಲಿ ಉತ್ತರ ಅಮೆರಿಕದ ಕಾರುಗಳಲ್ಲಿ ರಾಡಾರನ್ನೂ ಬಿಟ್ಟು ಕ್ಯಾಮೆರಾಗಳನ್ನಷ್ಟೇ ನೆಚ್ಚಿಕೊಳ್ಳತೊಡಗಿತು. ಮನುಷ್ಯ ಎರಡು ಕಣ್ಣಲ್ಲೇ ಓಡಿಸುತ್ತಾನಲ್ಲ ಎಂಬುದು ಅದರ ವಾದ. ಎರಡು ಸೆನ್ಸರ್‌ಗಳು ಎತ್ತು ಏರಿಗೆ, ಕೋಣ ನೀರಿಗೆ ಎಂದು ಎಳೆದರೆ ಯಾವುದನ್ನು ನಂಬುವುದು ಎಂಬ ಅದರ ಪ್ರಶ್ನೆಯಲ್ಲಿ ಹುರುಳಿದೆ. ಖರ್ಚೂ ಕಡಿಮೆ.

ಎದುರುವಾದಕ್ಕೆ ಪುರಾವೆ ಕೊಟ್ಟದ್ದು ರಸ್ತೆಯೇ. 2024ರ ಅಕ್ಟೋಬರ್‌ನಲ್ಲಿ ಎನ್‌ಎಚ್‌ಟಿಎಸ್‌ಎ 24 ಲಕ್ಷ ಟೆಸ್ಲಾ ಕಾರುಗಳ ಬಗ್ಗೆ ತನಿಖೆ ತೆರೆದದ್ದು ಎದುರು ಬಿಸಿಲು, ಮಂಜು, ದೂಳಿನಿಂದ ನೋಟ ಮಸುಕಾದಾಗ ನಡೆದ ನಾಲ್ಕು ಅಪಘಾತಗಳ ಮೇಲೆ. ಅವುಗಳಲ್ಲೊಂದರಲ್ಲಿ ಪಾದಚಾರಿಯೊಬ್ಬರು ಸತ್ತಿದ್ದರು. ಬಿಸಿಲು ಕಣ್ಣಿಗೆ ಹೊಡೆದಾಗ ಮನುಷ್ಯನೂ ತಡವರಿಸುತ್ತಾನೆ, ನಿಜ. ಆದರೆ ಕಾಣುತ್ತಿಲ್ಲವೆಂದು ಅವನಿಗೆ ಗೊತ್ತಾಗುತ್ತದೆ. ತನಗೆ ಕಾಣುತ್ತಿಲ್ಲ ಎಂಬುದನ್ನು ಸಾಫ್ಟ್‌ವೇರ್ ಸಕಾಲದಲ್ಲಿ ಅರಿತು ವೇಗ ತಗ್ಗಿಸುತ್ತದೆಯೇ ಎಂಬುದೇ ಆ ತನಿಖೆಯ ತಿರುಳು.

ಎಷ್ಟು ಓಡಿದರೆ ನಂಬಬಹುದು?

‘ನಮ್ಮ ಕಾರು ಮನುಷ್ಯನಿಗಿಂತ ಇಷ್ಟು ಪಟ್ಟು ಸುರಕ್ಷಿತ’ ಎಂಬ ಹೇಳಿಕೆಯನ್ನು ತೂಗಿ ನೋಡಲು ಒಂದು ಸಣ್ಣ ಗಣಿತ ಬೇಕು.

ಅಮೆರಿಕದಲ್ಲಿ ಮನುಷ್ಯರು ಓಡಿಸುವ ವಾಹನಗಳಿಂದ ಸುಮಾರು 10 ಕೋಟಿ ಮೈಲಿಗೆ ಒಂದು ಸಾವು. 2016ರಲ್ಲಿ ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಬಳಸಿದ ಅಂಕಿ 10 ಕೋಟಿ ಮೈಲಿಗೆ 1.09 ಸಾವು. ಒಂದು ಘಟನೆ ಒಮ್ಮೆಯೂ ನಡೆಯದೆ ಇಷ್ಟು ಮೈಲಿ ಕಳೆದವು ಎಂದಾದರೆ, ಮೂರನ್ನು ಆ ಮೈಲಿಗಳಿಂದ ಭಾಗಿಸಿ. ನಿಜವಾದ ದರ ಅದಕ್ಕಿಂತ ಕಡಿಮೆ ಎಂದು ಶೇ 95ರಷ್ಟು ಭರವಸೆಯಿಂದ ಹೇಳಬಹುದು. ಇದನ್ನೇ ತಿರುಗಿಸಿದರೆ, ಮನುಷ್ಯನಷ್ಟಾದರೂ ಸುರಕ್ಷಿತ ಎಂದು ತೋರಿಸಲು ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಬೇಕು. 100 ಕಾರುಗಳು ಗಂಟೆಗೆ 25 ಮೈಲಿಯಂತೆ ಹಗಲೂ ರಾತ್ರಿ, ವರ್ಷಪೂರ್ತಿ ಓಡಿದರೂ ಅದಕ್ಕೆ 12.5 ವರ್ಷ. ಮಧ್ಯೆ ಒಂದು ಸಾವು ಸಂಭವಿಸಿದರೆ ಗುರಿ ಇನ್ನೂ ದೂರ ಸರಿಯುತ್ತದೆ.

ವೇಮೊ 2025ರ ಸೆಪ್ಟೆಂಬರ್ ಹೊತ್ತಿಗೆ ಚಾಲಕರಿಲ್ಲದೆ 12.7 ಕೋಟಿ ಮೈಲಿ ಓಡಿತ್ತು. ಸಾವಿನ ದರದ ಬಗ್ಗೆ ಖಚಿತವಾಗಿ ಮಾತಾಡಲು ಇದೂ ಸಾಲದು. ಆದರೆ ಗಾಯ, ಜಖಂ, ವಿಮೆ ಕ್ಲೇಮುಗಳು ಸಾವಿಗಿಂತ ಎಷ್ಟೋ ಪಟ್ಟು ಹೆಚ್ಚು ಘಟಿಸುವುದರಿಂದ ಅವುಗಳ ಬಗ್ಗೆ ಹೇಳಲು ಕಡಿಮೆ ಮೈಲಿ ಸಾಕು. ಸ್ವಿಸ್ ರೀ ವಿಮಾ ಕಂಪನಿಯೊಂದಿಗೆ 2024ರಲ್ಲಿ ವೇಮೊ ನಡೆಸಿದ ಅಧ್ಯಯನದಲ್ಲಿ, 2.53 ಕೋಟಿ ಮೈಲಿಗಳಿಗೆ ಸಂಬಂಧಿಸಿ ಆಸ್ತಿ ಹಾನಿಯ ಕ್ಲೇಮುಗಳು ಮನುಷ್ಯ ಚಾಲಕರಿಗಿಂತ ಶೇ 88ರಷ್ಟು, ದೈಹಿಕ ಗಾಯದ ಕ್ಲೇಮುಗಳು ಶೇ 92ರಷ್ಟು ಕಡಿಮೆ ಇದ್ದವು. ಕಂಪನಿ ತಾನೇ ಭಾಗಿಯಾದ ಅಧ್ಯಯನ ಎಂಬ ಎಚ್ಚರ ಇರಲಿ. ಆದರೂ ಕ್ಲೇಮಿನ ಲೆಕ್ಕವನ್ನು ಬಾಯಿಮಾತಿನಲ್ಲಿ ತಿದ್ದಲಾಗದು, ಹಾಗಾಗಿ ಇದಕ್ಕೆ ತೂಕವಿದೆ.

ಟೆಸ್ಲಾ ಪ್ರತಿ ತ್ರೈಮಾಸಿಕ ಪ್ರಕಟಿಸುತ್ತ ಬಂದ ಅಂಕಿಗಳಿಗೆ ಅಷ್ಟು ತೂಕ ಕೊಡುವುದು ಕಷ್ಟ. ಆಟೊಪೈಲಟ್ ಹೆಚ್ಚಾಗಿ ಬಳಕೆಯಾಗುವುದು ಹೆದ್ದಾರಿಯಲ್ಲಿ, ಅಲ್ಲಿ ಮೈಲಿಗೆ ಅಪಘಾತ ಮೊದಲೇ ಕಡಿಮೆ. ಹೋಲಿಕೆ ಮಾತ್ರ ಎಲ್ಲ ಬಗೆಯ ರಸ್ತೆಗಳಲ್ಲಿ ಓಡುವ, ಹಳೆಯ ವಾಹನಗಳೂ ಸೇರಿದ ದೇಶದ ಸರಾಸರಿಯೊಂದಿಗೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸ್ಟಿಯರಿಂಗ್ ಹಿಂದೆ ಮನುಷ್ಯ ಇದ್ದಾಗ ಸಿಗುವ ಅಂಕಿ ಯಂತ್ರ ಮತ್ತು ಮನುಷ್ಯ ಇಬ್ಬರ ಜೋಡಿಯದು. ಯಂತ್ರ ತಪ್ಪಿ ಮನುಷ್ಯ ತಡೆದ ಅಪಘಾತಗಳು ಆ ಲೆಕ್ಕಕ್ಕೇ ಬರುವುದಿಲ್ಲ. ಎಷ್ಟು ಕೋಟಿ ಮೈಲಿ ಪೇರಿಸಿದರೂ, ಮನುಷ್ಯನನ್ನು ತೆಗೆದರೆ ಏನಾದೀತು ಎಂಬುದಕ್ಕೆ ಅದು ಉತ್ತರವಲ್ಲ.

ಮೈಲಿಯ ಲೆಕ್ಕಕ್ಕೆ ಮತ್ತೊಂದು ತೂತು ಇದೆ. ಇಂದು ಓಡಿದ ಸಾಫ್ಟ್‌ವೇರ್ ನಾಳೆ ಅಪ್‌ಡೇಟ್ ಆಗುತ್ತದೆ. ಟೆಸ್ಲಾ 2024ರ ಆರಂಭದಲ್ಲಿ ಜನರಿಗೆ ಕೊಟ್ಟ 12ನೇ ಆವೃತ್ತಿಯಲ್ಲಿ, ಮನುಷ್ಯರು ಬರೆದ ಮೂರು ಲಕ್ಷಕ್ಕೂ ಹೆಚ್ಚು ಸಾಲಿನ ಕೋಡನ್ನು ತೆಗೆದು, ಉದಾಹರಣೆಗಳಿಂದ ತಾನೇ ಕಲಿಯುವ ನ್ಯೂರಲ್ ನೆಟ್‌ವರ್ಕ್ ಇಟ್ಟೆವು ಎಂದು ಕಂಪನಿ ಹೇಳಿಕೊಂಡಿತು. ಹಾಗಾದರೆ 11ನೇ ಆವೃತ್ತಿಯ ಮೈಲಿಗಳು 12ನೆಯದಕ್ಕೆ ಸಾಕ್ಷಿಯಾಗುತ್ತವೆಯೇ?

ಬರೆದ ನಿಯಮ, ಕಲಿತ ಅಭ್ಯಾಸ

2022ರ ಆರಂಭದಲ್ಲಿ ಟೆಸ್ಲಾ 53,822 ಕಾರುಗಳ ರೀಕಾಲ್ ಮಾಡಿತು. ‘ಸ್ಟಾಪ್’ ಫಲಕದ ಮುಂದೆ ಪೂರ್ತಿ ನಿಲ್ಲದೆ, ಗಂಟೆಗೆ 5.6 ಮೈಲಿಯವರೆಗಿನ ವೇಗದಲ್ಲಿ ಉರುಳಿಕೊಂಡು ಹೋಗಲು ಸಾಫ್ಟ್‌ವೇರ್ ಬಿಡುತ್ತಿತ್ತು. ಅದು ಯಾರೋ ಉದ್ದೇಶಪೂರ್ವಕವಾಗಿ ಬರೆದಿಟ್ಟ ಅಂಶ, ತೆಗೆದರು, ಮುಗಿಯಿತು. ನೆಟ್‌ವರ್ಕ್ ಕಲಿಯುವುದು ಮನುಷ್ಯರು ಓಡಿಸಿದ ವಿಡಿಯೊಗಳಿಂದ. ಮನುಷ್ಯರು ಸ್ಟಾಪ್ ಫಲಕದಲ್ಲಿ ನಿಲ್ಲದಿದ್ದರೆ ಅದೂ ನಿಲ್ಲದಿರುವುದನ್ನೇ ಕಲಿಯುತ್ತದೆ. ಆಗ ಅಳಿಸಬೇಕಾದ ಸಾಲು ಎಲ್ಲಿದೆ ಎಂದು ಹುಡುಕಿದರೆ ಸಾಲೇ ಇರುವುದಿಲ್ಲ. ಬೇರೆ ಉದಾಹರಣೆಗಳನ್ನು ತುಂಬಿ ಮತ್ತೆ ತರಬೇತಿ ಕೊಡಬೇಕು. ಕೊಟ್ಟ ಮೇಲೆ ಒಂದು ಸರಿಹೋಗಿ ಇನ್ನೊಂದು ಕೆಟ್ಟಿದೆಯೇ ಎಂದು ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. 2025ರ ಅಕ್ಟೋಬರ್‌ನಲ್ಲಿ ಎನ್‌ಎಚ್‌ಟಿಎಸ್‌ಎ ಸುಮಾರು 28.8 ಲಕ್ಷ ಟೆಸ್ಲಾ ಕಾರುಗಳ ಮೇಲೆ ತೆರೆದ ಹೊಸ ತನಿಖೆಯ ವಿಷಯ ಕೆಂಪು ದೀಪ ದಾಟುವುದು, ಎದುರು ಲೇನಿಗೆ ನುಗ್ಗುವುದು.

ವೇಮೊದ ಶಾಲಾ ಬಸ್ ಪ್ರಕರಣವೂ ಇದೇ ಪಾಠ ಹೇಳುತ್ತದೆ. ಅಮೆರಿಕದಲ್ಲಿ ಶಾಲಾ ಬಸ್ ಕೆಂಪು ದೀಪ ಮಿನುಗಿಸಿ ಪಕ್ಕದ ‘ಸ್ಟಾಪ್’ ತೋಳನ್ನು ಚಾಚಿದರೆ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎರಡೂ ದಿಕ್ಕಿನ ವಾಹನಗಳು ನಿಲ್ಲಲೇಬೇಕು. ಈ ನಿಯಮ ಕಂಪನಿಗೆ ಗೊತ್ತಿಲ್ಲದ್ದಲ್ಲ. ಸರಿಪಡಿಸಿದ್ದೇವೆ ಎಂದು ಅದು ಹೇಳಿದ ಮೇಲೂ ಘಟನೆಗಳು ಮರುಕಳಿಸಿದವು ಎಂದು ಟೆಕ್ಸಾಸ್‌ನ ಆಸ್ಟಿನ್ ನಗರದ ಶಾಲಾ ಆಡಳಿತ ದೂರಿತು. ಒಟ್ಟಾರೆ ಅಪಘಾತದ ಅಂಕಿಯಲ್ಲಿ ಮುಂದಿರುವ ಸಾಫ್ಟ್‌ವೇರ್ ಕೂಡ ಒಂದು ನಿರ್ದಿಷ್ಟ ಸನ್ನಿವೇಶದಲ್ಲಿ ಪದೇ ಪದೇ ಎಡವಬಹುದು. ಸರಾಸರಿ ಅದನ್ನು ಮುಚ್ಚಿಬಿಡುತ್ತದೆ.

ಅಂದಹಾಗೆ, ರೀಕಾಲ್ ಎಂದರೆ ಕಾರುಗಳನ್ನು ಶೋರೂಮಿಗೆ ವಾಪಸು ತರುವುದು ಎಂದೇನಲ್ಲ. ಇವುಗಳ ಪೈಕಿ ಬಹುಪಾಲು ಇಂಟರ್ನೆಟ್ ಮೂಲಕ ಕಳಿಸುವ ಅಪ್‌ಡೇಟ್‌ಗಳು. ರೀಕಾಲ್ ಆಯಿತೆಂದರೆ ದೋಷ ದಾಖಲೆಗೆ ಬಂತು, ಪರಿಹಾರದ ಮೇಲೆ ಸರ್ಕಾರದ ಕಣ್ಣು ಬಿತ್ತು ಎಂದು ಅರ್ಥ. ರೀಕಾಲ್ ಮಾಡದ ಕಂಪನಿ ರೀಕಾಲ್ ಮಾಡಿದ ಕಂಪನಿಗಿಂತ ಮೇಲು ಎಂದೇನೂ ತೀರ್ಮಾನಿಸಬೇಕಿಲ್ಲ.

ನಿಲ್ಲುವುದೂ ಸುಲಭವಲ್ಲ

ಗೊಂದಲವಾದಾಗ ನಿಂತುಬಿಟ್ಟರೆ ಆಯಿತಲ್ಲ ಎಂದು ತೋರಬಹುದು. 2023ರ ಅಕ್ಟೋಬರ್ 2ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇರೊಂದು ಕಾರು ಗುದ್ದಿದ ರಭಸಕ್ಕೆ ಪಾದಚಾರಿ ಮಹಿಳೆಯೊಬ್ಬರು ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ ಬಿದ್ದರು. ಕಾರು ಬ್ರೇಕ್ ಹಾಕಿತು, ಬಡಿಯಿತು, ನಿಂತಿತು. ಆಮೇಲೆ ನಡೆದದ್ದು ಭೀಕರ. ಪಕ್ಕಕ್ಕೆ ಏನೋ ತಾಗಿದೆ ಎಂದು ಭಾವಿಸಿದ ಸಾಫ್ಟ್‌ವೇರ್, ದಾರಿಗೆ ಅಡ್ಡವಾಗದಂತೆ ಬದಿಗೆ ಸರಿಯುವ ತನ್ನ ಪಾಠವನ್ನು ಒಪ್ಪಿಸಿತು. ಅಡಿಯಲ್ಲಿ ಸಿಲುಕಿದ್ದವರನ್ನು ಸುಮಾರು 20 ಅಡಿ ಎಳೆದೊಯ್ದಿತು. ಮನುಷ್ಯ ಚಾಲಕ ಇಳಿದು ನೋಡುತ್ತಿದ್ದ.

ಕ್ರೂಸ್‌ನ ಅನುಮತಿ ಅದೇ ತಿಂಗಳು 24ರಂದು ಅಮಾನತಾಯಿತು. ಅದಕ್ಕೆ ಅಪಘಾತದಷ್ಟೇ ಕಾರಣವಾದದ್ದು, ಎಳೆದೊಯ್ದ ಭಾಗದ ವಿಚಾರದಲ್ಲಿ ಕಂಪನಿ ಅಧಿಕಾರಿಗಳೊಂದಿಗೆ ನಡೆದುಕೊಂಡ ರೀತಿ. 950 ಕಾರುಗಳ ರೀಕಾಲ್ ಆಯಿತು, ಸುಳ್ಳು ವರದಿಗಾಗಿ ದಂಡ ಬಿತ್ತು, 2024ರ ಡಿಸೆಂಬರ್‌ನಲ್ಲಿ ಕ್ರೂಸ್‌ನ ಒಡೆಯ ಜನರಲ್ ಮೋಟರ್ಸ್ ರೋಬೊಟ್ಯಾಕ್ಸಿಗೆ ಹಣ ಹಾಕುವುದನ್ನೇ ನಿಲ್ಲಿಸಿತು.

2025ರ ಡಿಸೆಂಬರ್ 20ರ ಕತ್ತಲೆಯಲ್ಲಿ ವೇಮೊ ಕಾರುಗಳು ನಿಂತದ್ದು ಬೇರೆ ಕಾರಣಕ್ಕೆ. ಆರಿದ ಸಿಗ್ನಲ್ಲನ್ನು ನಾಲ್ಕೂ ಕಡೆ ಸ್ಟಾಪ್ ಫಲಕವಿರುವ ವೃತ್ತದಂತೆ ಭಾವಿಸಿ ದಾಟಲು ಅವಕ್ಕೆ ಬರುತ್ತಿತ್ತು. ಆದರೆ ಕೆಲವೊಮ್ಮೆ ದೂರದ ಕೇಂದ್ರದಲ್ಲಿರುವ ಸಿಬ್ಬಂದಿಯನ್ನು ‘ಹೋಗಲೇ?’ ಎಂದು ಕೇಳಿ ಖಚಿತಪಡಿಸಿಕೊಳ್ಳುತ್ತಿದ್ದವು. ಒಂದೆರಡು ಸಿಗ್ನಲ್ ಕೆಟ್ಟಾಗ ಇದು ಒಳ್ಳೆಯ ಎಚ್ಚರಿಕೆ. ನಗರವೇ ಕತ್ತಲಾದಾಗ ಎಲ್ಲ ಕಾರುಗಳೂ ಒಟ್ಟಿಗೆ ಕೇಳಿದವು, ಉತ್ತರ ತಡವಾಯಿತು, ಸಂಚಾರ ಕಟ್ಟಿಕೊಂಡಿತು. ಮನುಷ್ಯ ಚಾಲಕರು ಬಿಡಿಬಿಡಿಯಾಗಿ ತಪ್ಪುತ್ತಾರೆ. ಒಂದೇ ಸಾಫ್ಟ್‌ವೇರ್ ಓಡಿಸುವ ಸಾವಿರ ಕಾರುಗಳು ಒಟ್ಟಿಗೇ ತಪ್ಪುತ್ತವೆ. ಭೂಕಂಪದ ನಗರವೊಂದರಲ್ಲಿ ಇದು ಆಂಬುಲೆನ್ಸ್, ಅಗ್ನಿಶಾಮಕ ದಳದ ಪ್ರಶ್ನೆಯೂ ಹೌದು. ಒಂದೊಂದೇ ಕಾರಿನ ಅಪಘಾತ ಅಂಕಿಯಲ್ಲಿ ಇದು ಕಾಣುವುದೇ ಇಲ್ಲ.

ಅನುಮತಿ ಕೊಡುವವರು ಯಾರು?

ಅಮೆರಿಕದಲ್ಲಿ ಹೊಸ ಕಾರನ್ನು ಕೇಂದ್ರ ಸರ್ಕಾರ ಮೊದಲೇ ಪರೀಕ್ಷಿಸಿ ಒಪ್ಪುವುದಿಲ್ಲ. ತಯಾರಕರೇ ಪ್ರಮಾಣೀಕರಿಸುತ್ತಾರೆ, ಕೆಟ್ಟರೆ ಎನ್‌ಎಚ್‌ಟಿಎಸ್‌ಎ ಬರುತ್ತದೆ. ಉಳಿದದ್ದು ರಾಜ್ಯಗಳ ಪಾಲು. ಕ್ಯಾಲಿಫೋರ್ನಿಯಾದಲ್ಲಿ ಚಾಲಕರೊಂದಿಗೆ ಪರೀಕ್ಷೆ, ಚಾಲಕರಿಲ್ಲದೆ ಪರೀಕ್ಷೆ, ಸಾರ್ವಜನಿಕ ಬಳಕೆ ಎಂದು ಮೆಟ್ಟಿಲುಗಳಿವೆ, ದುಡ್ಡು ಪಡೆಯಲು ಇನ್ನೊಂದು ಆಯೋಗದ ಒಪ್ಪಿಗೆ ಬೇಕು. ಟೆಕ್ಸಾಸ್ ಎಷ್ಟೋ ಸಡಿಲ. 2025ರ ಜೂನ್ 22ರಂದು ಟೆಸ್ಲಾ ತನ್ನ ರೋಬೊಟ್ಯಾಕ್ಸಿ ಸೇವೆಯನ್ನು ಆಸ್ಟಿನ್‌ನಲ್ಲಿ, ಪಕ್ಕದ ಸೀಟಿನಲ್ಲಿ ಸುರಕ್ಷತಾ ಸಿಬ್ಬಂದಿಯನ್ನು ಕೂರಿಸಿ ಆರಂಭಿಸಿತು. ಆ ಸಿಬ್ಬಂದಿ ಅಲ್ಲಿದ್ದುದೇ, ಕಂಪನಿ ತನ್ನ ಸಾಫ್ಟ್‌ವೇರನ್ನು ಎಷ್ಟರಮಟ್ಟಿಗೆ ನಂಬಿತ್ತು ಎಂಬುದಕ್ಕೆ ಜಾಹೀರಾತಿಗಿಂತ ನಿಖರವಾದ ಅಳತೆ.

ಯುರೋಪಿನಲ್ಲಿ ಕ್ರಮ ತಿರುಗುಮುರುಗು: ಒಪ್ಪಿಗೆ ಮೊದಲು, ಮಾರಾಟ ಆಮೇಲೆ. ಬ್ರಿಟನ್ 2024ರ ಕಾಯ್ದೆಯಲ್ಲಿ ಎಚ್ಚರದ, ಸಮರ್ಥ ಮನುಷ್ಯ ಚಾಲಕರ ಮಟ್ಟವನ್ನು ಗುರಿಯಾಗಿಟ್ಟು, ವಾಹನ ತಾನೇ ಓಡುವಾಗ ಅದು ಓಡುವ ರೀತಿಯ ಹೊಣೆಯನ್ನು ಅನುಮತಿ ಪಡೆದ ಸಂಸ್ಥೆಯ ಮೇಲೆ ಹಾಕಿತು. ಚೀನಾ ಆನ್‌ಹುಯಿ ದುರಂತದ ಮರುತಿಂಗಳೇ ‘ಸ್ವಯಂಚಾಲಿತ ಚಾಲನೆ’ ಮುಂತಾದ ಪದಗಳನ್ನು ಜಾಹೀರಾತಿನಿಂದ ತೆಗೆಸಿತು, ಇನ್ನೂ ಪಕ್ವವಾಗದ ಸಾಫ್ಟ್‌ವೇರಿನ ಬೀಟಾ ಪರೀಕ್ಷೆಯನ್ನು ಗ್ರಾಹಕರ ಮೇಲೆ ನಡೆಸುವುದಕ್ಕೆ ತಡೆ ಹಾಕಿತು. ಡಿಸೆಂಬರ್‌ನಲ್ಲಿ ಅದು ಕೊಟ್ಟ ಮೂರನೇ ಹಂತದ ಅನುಮತಿಯ ಮಿತಿ ನೋಡಿ: ಚಾಂಗಾನ್ ಕಾರಿಗೆ ಚೋಂಗ್‌ಚಿಂಗ್‌ನ ಗೊತ್ತಾದ ರಸ್ತೆಗಳ ದಟ್ಟಣೆಯಲ್ಲಿ ಗಂಟೆಗೆ 50 ಕಿ.ಮೀ., ಆರ್ಕ್‌ಫಾಕ್ಸ್ ಕಾರಿಗೆ ಬೀಜಿಂಗ್‌ನ ಗೊತ್ತಾದ ರಸ್ತೆಗಳಲ್ಲಿ 80 ಕಿ.ಮೀ.

ಹೊಣೆ ಹೊರಲು ಕಂಪನಿಗಳು ಎಲ್ಲಿ ಒಪ್ಪುತ್ತವೆ ಎಂಬುದೂ ಕಣ್ತೆರೆಸುತ್ತದೆ. 2025ರ ಜುಲೈನಲ್ಲಿ ಕಾರು ಕಂಪನಿ ಬಿವೈಡಿ ತನ್ನ ವ್ಯವಸ್ಥೆಯಿಂದಾಗುವ ನಷ್ಟ ತಾನೇ ಭರಿಸುತ್ತೇನೆ ಎಂದು ಚೀನಾದಲ್ಲಿ ಘೋಷಿಸಿತು. ಯಾವುದಕ್ಕೆ? ಪಾರ್ಕಿಂಗ್‌ಗೆ.

ನಮ್ಮ ರಸ್ತೆಯ ಲೆಕ್ಕ

2025ರ ಜುಲೈನಲ್ಲಿ ಮುಂಬೈಯಲ್ಲಿ ಅಂಗಡಿ ತೆರೆದ ಟೆಸ್ಲಾ, ಮಾಡೆಲ್ ವೈ ಕಾರಿನ ಜೊತೆ ಫುಲ್ ಸೆಲ್ಫ್ ಡ್ರೈವಿಂಗ್ ಆಯ್ಕೆಗೆ 6 ಲಕ್ಷ ರೂಪಾಯಿ ಬೆಲೆ ಇಟ್ಟಿತು. ಆ ದುಡ್ಡು ಕೊಟ್ಟವರ ಕಾರು ಇಲ್ಲಿನ ಬೀದಿಯಲ್ಲಿ ತಾನೇ ಓಡುವುದಿಲ್ಲ. ಮುಂದೊಂದು ದಿನ ಬರಬಹುದಾದ ಸೌಲಭ್ಯಕ್ಕೆ ಕೊಡುವ ಮುಂಗಡ ಅದು. ಸಾರಿಗೆ ಸಚಿವ ನಿತಿನ್ ಗಡ್ಕರಿ, ಚಾಲಕರ ಉದ್ಯೋಗ ಹೋಗುತ್ತದೆಂಬ ಕಾರಣಕ್ಕೆ ಚಾಲಕರಹಿತ ಕಾರುಗಳನ್ನು ದೇಶದೊಳಗೆ ಬಿಡುವುದಿಲ್ಲ ಎಂದು 2023ರ ಡಿಸೆಂಬರ್‌ನಲ್ಲಿ ಹೇಳಿದ್ದರು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 2ಬಿ ಕಲಮು ಸಂಶೋಧನೆಗಾಗಿ ವಿನಾಯಿತಿ ಕೊಡುವ ಬಾಗಿಲು ತೆರೆದಿಟ್ಟಿದೆ, ಅಷ್ಟೆ.

ರಸ್ತೆಯ ಕಷ್ಟ ಬೇರೆ. ಐಐಐಟಿ ಹೈದರಾಬಾದ್ ಮತ್ತು ಇಂಟೆಲ್ 2018ರಲ್ಲಿ ಹೈದರಾಬಾದ್, ಬೆಂಗಳೂರು ಹಾಗೂ ಹೊರವಲಯದ ರಸ್ತೆಗಳಿಂದ 10,000 ಚಿತ್ರಗಳ ದತ್ತಾಂಶ ಸಿದ್ಧಪಡಿಸಿದಾಗ ಆಟೊರಿಕ್ಷಾ, ಪ್ರಾಣಿಗಳಿಗೆ ಪ್ರತ್ಯೇಕ ವರ್ಗ ಮಾಡಬೇಕಾಯಿತು. ರಸ್ತೆಯ ಅಂಚಿನಲ್ಲಿ ಡಾಂಬರು ಮುಗಿದು ಮಣ್ಣು ಶುರುವಾಗುವ, ಆದರೂ ವಾಹನ ಇಳಿಯಬಹುದಾದ ಜಾಗಕ್ಕೂ ಒಂದು ವರ್ಗ ಬೇಕಾಯಿತು. ಜರ್ಮನಿಯ ಬೀದಿಗಳಿಂದ ಕಲಿತ ಸಾಫ್ಟ್‌ವೇರಿಗೆ ಅದು ರಸ್ತೆಯೂ ಅಲ್ಲ, ಫುಟ್‌ಪಾತೂ ಅಲ್ಲ.

ಆದರೆ ಎರಡನೇ ಹಂತ ಆಗಲೇ ನಮ್ಮಲ್ಲಿಗೆ ಬಂದಿದೆ. 2021ರಲ್ಲಿ ಎಂಜಿ ಆಸ್ಟರ್, ಮಹೀಂದ್ರ ಎಕ್ಸ್‌ಯುವಿ700 ಕಾರುಗಳಲ್ಲಿ ಬಂದ ‘ಅಡಾಸ್’ ಎಂಬ ಚಾಲಕ ನೆರವಿನ ವ್ಯವಸ್ಥೆ ಈಗ ಎಷ್ಟೋ ಮಾದರಿಗಳಲ್ಲಿದೆ. ಲೇನ್ ಗೆರೆ ಅಳಿಸಿಹೋದ ಕಡೆ ಲೇನ್ ನೆರವು ತಾನಾಗಿ ಕೈಬಿಡುತ್ತದೆ. ಮುಂದಿನ ವಾಹನಕ್ಕೂ ನಮಗೂ ನಡುವೆ ಕಾರು ಬಿಟ್ಟ ಅಂತರದಲ್ಲಿ ಬೈಕ್ ನುಗ್ಗಿದರೆ ಗಕ್ಕನೆ ಬ್ರೇಕ್ ಬೀಳುತ್ತದೆ, ಹಿಂದೆ ಅಂಟಿಕೊಂಡು ಬರುತ್ತಿದ್ದ ಲಾರಿಗೆ ಅದು ಅನಿರೀಕ್ಷಿತ. ಅಡ್ಡಡ್ಡ ನಿಂತ ಹಸು, ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಅದರ ಕಣ್ಣಿಗೆ ಬೀಳುತ್ತವೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಹೀಗಾದಾಗ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಪ್ರಕರಣ ದಾಖಲಾಗುವುದು ಸ್ಟಿಯರಿಂಗ್ ಹಿಂದೆ ಕೂತವರ ಮೇಲೆ.

ಆಗ ಆ ಕ್ಷಣ ಅಡಾಸ್ ಚಾಲೂ ಇತ್ತೇ, ಏನು ಕಂಡಿತು, ಎಷ್ಟು ಮೊದಲು ಎಚ್ಚರಿಸಿತು ಎಂಬುದೇ ಸಾಕ್ಷಿ. ಮಯಾಮಿಯ ಪ್ರಕರಣದಲ್ಲಿ ಆ ದಾಖಲೆ ಬೆಳಕಿಗೆ ಬಂದದ್ದು, ವಾದಿಗಳ ಕಡೆಯ ತಜ್ಞರು ಕಾರಿನ ಕಂಪ್ಯೂಟರಿನಿಂದ ಅದನ್ನು ಹೊರತೆಗೆಯಿಸಿದ ಮೇಲೆ. ಇಲ್ಲಿ ಅಪಘಾತದ ಮಹಜರಿನಲ್ಲಿ ಟೈರಿನ ಗುರುತು, ಗಾಜಿನ ಚೂರು ದಾಖಲಾಗುತ್ತವೆ. ಕಾರಿನ ಕಂಪ್ಯೂಟರನ್ನು ಯಾರು, ಎಷ್ಟು ದಿನದೊಳಗೆ ತೆರೆದು ಓದಬೇಕೆಂದು ಪೊಲೀಸರಿಗಾಗಲಿ ವಿಮಾ ಸರ್ವೇಯರಿಗಾಗಲಿ ಹೇಳುವ ಕ್ರಮ ಆ ಮಹಜರಿನಲ್ಲಿ ಇನ್ನೂ ಬರಬೇಕಿದೆ.